ಅರಸೀಕೆರೆಯಲ್ಲಿ ಇಳಿದವನ ಒಂದು ಹಗಲು

ವಾರಕ್ಕೊಂದು ರಜೆ ಕಾಣುವ ಗಿರಣಿ ಕೂಲಿಗಾರನಿಗೂ, ಅಮಾವಾಸ್ಯೆಗೊಮ್ಮೆ ಅಂಗಡಿ ಬಾಗಿಲು ಹಾಕುವ ಸಣ್ಣ ವ್ಯಾಪಾರಿಗೂ ಪ್ರವಾಸವೆಂದರೆ ಒಂದೇ ಹಗಲು. ಬೆಳಿಗ್ಗೆ ಅರಸೀಕೆರೆಯಲ್ಲಿ ರೈಲಿಳಿದು, ಹಳೇಬೀಡು ಬೇಲೂರುಗಳನ್ನು ಕಂಡು, ಸಂಜೆ ಅದೇ ನಿಲ್ದಾಣಕ್ಕೆ ಬಂದು ಸೇರಬೇಕು. ಮರುದಿನದ ಪಾಳಿ ತಪ್ಪಿದರೆ ಕೂಲಿಗೆ ಕತ್ತರಿ. "ಇಷ್ಟು ಅವಸರದಲ್ಲಿ ಏನು ನೋಡೀರಿ?" ಎಂದು ಬಲ್ಲವರು ಮೂಗು ಮುರಿಯುತ್ತಾರೆ. ಅವಸರ ನಮ್ಮ ಚಪಲವಲ್ಲ, ಹೊಟ್ಟೆಯ ಪಾಡು ಎಂಬುದನ್ನು ಅವರಿಗೆ ಯಾರು ತಿಳಿಸಬೇಕು?

ಕೆಲವೇ ಗಂಟೆ ನಿಂತು ಹೋಗುವ ಇನ್ನೊಂದು ಜಾತಿಯ ಯಾತ್ರಿಕರೂ ಇದ್ದಾರೆ. 2008ರಲ್ಲಿ 'ಸುವರ್ಣ ರಥ'ವೆಂಬ ಐಷಾರಾಮಿ ರೈಲು ಹೊರಟಿತು. ನಡುವೆ ಕೆಲವು ವರ್ಷ ನಿಂತಿದ್ದುದನ್ನು 2024ರಲ್ಲಿ ಮತ್ತೆ ಹೂಡಿದರು. ಲಕ್ಷಗಟ್ಟಲೆ ರೂಪಾಯಿ ತೆತ್ತವರಿಗೆ ಅದರಲ್ಲಿ ಊಟ, ನಿದ್ದೆ ಎಲ್ಲವೂ ಬಂಡಿಯಲ್ಲೇ. ಬಂಡಿಯೊಂದಕ್ಕೆ 'ಹೊಯ್ಸಳ' ಎಂಬ ಹೆಸರೂ ಉಂಟು. ಹೊಯ್ಸಳರ ಊರಿನ ಚಹಾದಂಗಡಿಯವನಿಗೆ ಆ ಹೆಸರಿನಿಂದ ಎಷ್ಟು ಲೋಟ ಚಹಾ ಖರ್ಚಾಯಿತು ಎಂದು ನಾವು ಕೇಳುತ್ತೇವೆ.

ಇದು ನಮ್ಮೊಬ್ಬರ ದೂರಲ್ಲ. ಇಟಲಿಯ ವೆನಿಸ್ ನಗರಕ್ಕೆ ದೊಡ್ಡ ದೊಡ್ಡ ವಿಹಾರ ಹಡಗುಗಳು ಸಾವಿರಾರು ಜನರನ್ನು ತಂದು ಇಳಿಸುತ್ತಿದ್ದವು. ತಿನ್ನುವುದು ಮಲಗುವುದು ಹಡಗಿನಲ್ಲಿ, ನೂಕುನುಗ್ಗಲು ಊರಿಗೆ. ಊರಿನ ಜನ ವರ್ಷಗಟ್ಟಲೆ ಬೀದಿಗಿಳಿದು ಕೂಗಿದ ಮೇಲೆ 2021ರಲ್ಲಿ ಸರಕಾರ ಆ ಹಡಗುಗಳನ್ನು ಊರೊಳಗಿನ ಕಾಲುವೆಯಿಂದ ಹೊರಗಿಟ್ಟಿತು. 2024ರಲ್ಲಿ, ರಾತ್ರಿ ತಂಗದೆ ಹೋಗುವವರ ಮೇಲೆ ಆಯ್ದ ದಿನಗಳಲ್ಲಿ 5 ಯೂರೋ ಶುಲ್ಕವನ್ನೂ ಹಾಕಿದರು. ಮೊದಲನೆಯದು ಸರಿ. ಎರಡನೆಯ ಮದ್ದು ಮಾತ್ರ ನಮ್ಮಲ್ಲಿಗೆ ಬರುವುದು ಬೇಡ. ತಂಗಲು ಕಾಸಿಲ್ಲದ ಬಡವನೂ 'ರಾತ್ರಿ ಉಳಿಯದವನೇ' ಅಲ್ಲವೆ?

ಹಾಗಾದರೆ ಒಂದು ಹಗಲಿನಲ್ಲಿ ಏನು ಮಾಡಬೇಕು? ನಮ್ಮ ಓದುಗರಿಗೆ ನಾವು ಹೇಳುವುದಿದು. ಜಾವಗಲ್ ದಾರಿಯಲ್ಲಿ ಮೊದಲು ಹಳೇಬೀಡಿಗೆ ಹೋಗಿರಿ. ಹೊಯ್ಸಳೇಶ್ವರನನ್ನು ನೋಡಿ ಹಿಂತಿರುಗಬೇಡಿ; ಕೂಗಳತೆಯ ಬಸ್ತಿಹಳ್ಳಿಗೆ ನಡೆದು ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳನ್ನು ನೋಡಿರಿ. ಅಲ್ಲಿ ಗದ್ದಲವಿಲ್ಲ. ಅಲ್ಲಿಂದ 16 ಕಿಲೋಮೀಟರು ಬೇಲೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ಎಲ್ಲರೂ ನೋಡುತ್ತಾರೆ. ನೀವು ಅವರ ಕಾಲಡಿಯ ಪೀಠವನ್ನೂ ನೋಡಿರಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಕೆಲಸಗಾರರು ತಮ್ಮ ಹೆಸರನ್ನು ಅಲ್ಲಿ ಕೊರೆದಿದ್ದಾರೆ. ಕಟ್ಟಿಸಿದ ರಾಜನ ಹೆಸರು ಶಾಸನದಲ್ಲಿ, ಕೆತ್ತಿದ ಕೈಯ ಹೆಸರು ಬಳಪದ ಕಲ್ಲಿನ ಮೇಲೆ. ಮಾರ್ಗದರ್ಶಕರು ಜಕಣಾಚಾರಿಯ ಕಥೆಯನ್ನು ಸೊಗಸಾಗಿ ಹೇಳುತ್ತಾರೆ, ಹೇಳಲಿ. ಕಥೆ ಮುಗಿದ ಮೇಲೆ "ದಾಸೋಜನ ಹೆಸರು ಎಲ್ಲಿದೆ, ತೋರಿಸಿ ಸ್ವಾಮಿ" ಎಂದು ಕೇಳಿರಿ. ಮಗ್ಗದ ಮುಂದೆ ದಿನವಿಡೀ ನಿಂತು, ನೇಯ್ದ ಬಟ್ಟೆಯ ಮೇಲೆ ಮಾಲೀಕನ ಮುದ್ರೆ ಬೀಳುವುದನ್ನು ಕಂಡವನಿಗೆ ಆ ಎರಡು ಅಕ್ಷರದ ಬೆಲೆ ಗೊತ್ತು.

ಸಂಜೆ ಅರಸೀಕೆರೆಗೆ ಬಂದಾಗ ರೈಲಿಗೆ ಒಂದು ಗಂಟೆ ಉಳಿದಿದ್ದರೆ ಬೆಂಚಿನ ಮೇಲೆ ಕಳೆಯಬೇಡಿ. ಊರಲ್ಲೇ 1220ರ ಈಶ್ವರ ದೇವಾಲಯವಿದೆ. ಅದರ ನಕ್ಷತ್ರಾಕಾರದ ತೆರೆದ ಮಂಟಪದಂಥದು ಹೊಯ್ಸಳ ಗುಡಿಗಳಲ್ಲೇ ಅಪರೂಪ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿಗೆ ಸೇರಿದವು, ಅರಸೀಕೆರೆ ಸೇರಲಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಕಣ್ಣು ಮುಚ್ಚಬೇಕೆಂಬ ಕಾನೂನೇನೂ ಇಲ್ಲ.

ಇನ್ನು ಸರಕಾರಕ್ಕೆ ನಮ್ಮ ಮಾತು. ಹಳೇಬೀಡಿಗೆ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಒಳ್ಳೆಯ ಕೆಲಸ, ಮೆಚ್ಚುತ್ತೇವೆ. ಆದರೆ ರೈಲು ಬರುವ ಹೊತ್ತಿಗೆ ಬಸ್ಸು ನಿಂತಿರದಿದ್ದರೆ ಬಿಟ್ಟಿ ಟಿಕೆಟ್ಟು ಹಿಡಿದು ಏನು ಮಾಡುವುದು? ಬೆಳಗಿನ ರೈಲುಗಳಿಗೆ ಹೊಂದಿಕೊಂಡು ಅರಸೀಕೆರೆಯಿಂದ ಹಳೇಬೀಡು–ಬೇಲೂರಿಗೆ ಬಸ್ಸು ಹೊರಡಲಿ, ಸಂಜೆಯ ರೈಲಿಗೆ ಮರಳಿ ತಂದು ಬಿಡಲಿ. ಗಂಟುಮೂಟೆ ಇಡಲು ಜಾಗ, ಕುಡಿಯುವ ನೀರು, ಹೆಂಗಸರಿಗೆ ಚೊಕ್ಕಟವಾದ ಶೌಚಾಲಯ, ಇವು ಮೂರೂ ಊರೂರಲ್ಲಿ ಇರಲಿ.

ಗುಡಿಯ ಮುಂದೆ ಎಳನೀರು, ಕಡಲೆಕಾಯಿ ಮಾರುವವರನ್ನು 'ಸೌಂದರ್ಯ'ದ ಹೆಸರಿನಲ್ಲಿ ಎಬ್ಬಿಸುವ ಯೋಚನೆ ಯಾರಿಗಾದರೂ ಬಂದರೆ, 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯನ್ನು ಮೊದಲು ಓದಲಿ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ನೂರಕ್ಕೆ 40ಕ್ಕಿಂತ ಕಡಿಮೆ ಇರಕೂಡದೆಂದು ಅದು ಹೇಳುತ್ತದೆ. ವ್ಯಾಪಾರಿಗಳೂ ಅದನ್ನು ಓದಿಸಿ ಕೇಳಿ ತಿಳಿದಿರಲಿ.

ಸುವರ್ಣ ರಥ ಓಡಬಾರದೆಂದು ನಾವು ಹೇಳುವುದಿಲ್ಲ. ಬಂದವರು ಬೀದಿಗಿಳಿಯಲಿ, ನಮ್ಮವರ ಕೈಯಿಂದ ಒಂದು ಎಳನೀರು ಕುಡಿಯಲಿ. ಆದರೆ ಸರಕಾರ ಆ ರಥದ ವೇಳೆಯನ್ನು ಎಷ್ಟು ಜತನದಿಂದ ಕಾಯುತ್ತದೋ, ಮೂರನೆಯ ದರ್ಜೆಯ ಜನರ ವೇಳೆಯನ್ನೂ ಅಷ್ಟೇ ಜತನದಿಂದ ಕಾಯಬೇಕು. ದಾಸೋಜ ಉಳಿ ಹಿಡಿದ ಊರನ್ನು ಉಳಿ ಸುತ್ತಿಗೆ ಹಿಡಿಯುವವರೇ ಓಡೋಡಿ ನೋಡಬೇಕಾದ ಗತಿ ಇನ್ನೆಷ್ಟು ದಿನ?