ತಾಯಿ ಯಾರೆಂಬ ಗಲಾಟೆಯಲ್ಲಿ ಕಾಣದೆ ಹೋದ ನೆರೆಮನೆ

ಜುಲು ಮತ್ತು ಗುಜರಾತಿ ಭಾಷೆಗಳನ್ನು ಹೋಲಿಸಿ ಪ್ರಬಂಧ ಬರೆದರೆ ಬೆಂಗಳೂರಿನಲ್ಲಿ ಯಾರೂ ಬೀದಿಗಿಳಿಯುವುದಿಲ್ಲ. ಒಂದು ಬಾಂಟು ಕುಟುಂಬದ್ದು, ಇನ್ನೊಂದು ಇಂಡೋ-ಆರ್ಯನ್. ಯಾವುದು ಯಾವುದರ ತಾಯಿ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹಾಗಾಗಿ ಕೇಳಬೇಕಾದ ಬೇರೆ ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳಬಹುದು. ಜುಲು ಭಾಷೆಯಲ್ಲಿ ನಾಲಿಗೆಯಿಂದ ಲೊಚಗುಟ್ಟಿದಂತೆ ಕೇಳುವ ಕ್ಲಿಕ್ ಧ್ವನಿಗಳಿವೆ. ಅವು ಬಾಂಟು ಮೂಲದವಲ್ಲ, ನೆರೆಯ ಖೋಯ್‌ಸಾನ್ ಭಾಷೆಗಳಿಂದ ಬಂದವು. 19ನೇ ಶತಮಾನದ ಕೊನೆಯ ಹೊತ್ತಿಗೆ ಗುಜರಾತಿ ವ್ಯಾಪಾರಿಗಳು ಡರ್ಬನ್‌ನಲ್ಲಿ ಅಂಗಡಿ ತೆರೆದಿದ್ದರು. 1893ರಲ್ಲಿ ಗಾಂಧಿ ಅಲ್ಲಿ ಹಡಗಿಳಿದದ್ದೂ ಅಂಥ ವ್ಯಾಪಾರಿಯೊಬ್ಬರ ಮೊಕದ್ದಮೆಗಾಗಿ. ಆ ನಾಡಿನ ಅಂಗಡಿ, ತೋಟ, ಗಣಿಗಳಲ್ಲಿ ಬೇರೆ ಬೇರೆ ಭಾಷೆಯವರು ಫನಗಲೊ ಎಂಬ ಬೆರಕೆ ನುಡಿಯಲ್ಲಿ ವ್ಯವಹರಿಸಿದರು. ಅದರ ಪದಗಳು ಬಹುಪಾಲು ಜುಲುವಿನವು. ಅಂದರೆ, ರಕ್ತಸಂಬಂಧವಿಲ್ಲದ ಭಾಷೆಗಳ ನಡುವೆಯೂ ಸಂಬಂಧ ಬೆಳೆಯುತ್ತದೆ.

ಈ ಸಮಾಧಾನ ನಮ್ಮ ಮನೆಯ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

2025ರ ಮೇ ತಿಂಗಳಲ್ಲಿ ಚೆನ್ನೈನ ಸಿನಿಮಾ ವೇದಿಕೆಯೊಂದರಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದರು. ಪ್ರತಿಭಟನೆ ನಡೆಯಿತು, ಸಿನಿಮಾ ಇಲ್ಲಿ ತೆರೆ ಕಾಣಲಿಲ್ಲ, ವಿಚಾರ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. ಅವರ ಮಾತು ತಪ್ಪು. ಆದರೆ ಅದು ಯಾಕೆ ತಪ್ಪು ಎಂದು ವಿವರಿಸಿದವರಿಗಿಂತ ‘ನಮ್ಮದೇ ಹಳೆಯದು’ ಎಂದು ಕೂಗಿದವರೇ ಹೆಚ್ಚು. ತಪ್ಪು ಪ್ರಶ್ನೆಗೆ ಇನ್ನಷ್ಟು ಜೋರಾಗಿ ಉತ್ತರ ಕೊಟ್ಟರೆ ಅದು ಸರಿ ಪ್ರಶ್ನೆಯಾಗುವುದಿಲ್ಲ.

ಯಾಕೆ ತಪ್ಪು ಎಂಬುದಕ್ಕೆ ನಮ್ಮ ಕಿವಿಯೇ ಸಾಕ್ಷಿ. ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಸೆವಿ’. ಕೆಂಪಿನ ‘ಕೆಂ’ ಅಲ್ಲಿ ‘ಸೆಂ’. ಇಲ್ಲಿ ಹಳೆಯ ಧ್ವನಿ ‘ಕ’. ಅದನ್ನು ಕನ್ನಡ ಉಳಿಸಿಕೊಂಡಿದೆ, ತಮಿಳು ಬದಲಿಸಿಕೊಂಡಿದೆ. ಹಾಲಿನ ವಿಷಯದಲ್ಲಿ ಇದು ತಿರುಗುಮುರುಗು: ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ತಮಿಳಿನಲ್ಲಿ ‘ಪಾಲ್’ ಹಾಗೆಯೇ ನಿಂತಿತು. ಇಬ್ಬರೂ ಕೆಲವನ್ನು ಉಳಿಸಿಕೊಂಡಿದ್ದಾರೆ, ಕೆಲವನ್ನು ಕಳೆದುಕೊಂಡಿದ್ದಾರೆ. ಇದು ಅಕ್ಕತಂಗಿಯರ ಲಕ್ಷಣ. ಇಬ್ಬರಿಗೂ ಹಿಂದಿನ ಆ ಮೂಲ ದ್ರಾವಿಡಕ್ಕೆ ಇವತ್ತಿನ ತಮಿಳು ಎಂದೂ ಹೆಸರಿಲ್ಲ, ಇವತ್ತಿನ ಕನ್ನಡ ಎಂದೂ ಹೆಸರಿಲ್ಲ. ದಕ್ಷಿಣದ ಭಾಷೆಗಳು ಸಂಸ್ಕೃತದ ಮಕ್ಕಳಲ್ಲ ಎಂದು ಎಲ್ಲಿಸ್ 1816ರಲ್ಲೇ ತೋರಿಸಿದ್ದ. ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ ಬಂದದ್ದು 1856ರಲ್ಲಿ. ಇಷ್ಟು ವರ್ಷಗಳಾದ ಮೇಲೂ ನಾವು ಭಾಷೆಯನ್ನು ವಂಶಾವಳಿಯ ಕಾಗದದಂತೆ ಬೀಸಾಡುತ್ತಿದ್ದೇವೆ.

ಈ ಗೀಳಿಗೆ ಸರ್ಕಾರವೂ ಗೊಬ್ಬರ ಹಾಕಿದೆ. 2004ರಲ್ಲಿ ತಮಿಳಿಗೆ, 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಅದಕ್ಕೆ ಅಳತೆಗೋಲುಗಳಲ್ಲೊಂದು ವಯಸ್ಸು. ಆಮೇಲೆ ಪ್ರತಿ ಶಾಸನವೂ ವಯಸ್ಸಿನ ದಾಖಲೆ ಪತ್ರವಾಯಿತು. ಆದರೆ ಬರಹದ ವಯಸ್ಸು ಮಾತಿನ ವಯಸ್ಸಲ್ಲ. ಹಲ್ಮಿಡಿ ಶಾಸನ ಕೆತ್ತುವ ಹಿಂದಿನ ದಿನವೂ ಜನ ಮಾತಾಡುತ್ತಲೇ ಇದ್ದರು.

ನನ್ನ ತಕರಾರು ಇನ್ನೂ ಮುಂದಿನದು. ತಾಯಿ ಯಾರು ಎಂದು ಹುಡುಕುವವರಿಗೆ ಪಕ್ಕದ ಮನೆ ಕಾಣುವುದಿಲ್ಲ.

ಭಾಷಾವಿಜ್ಞಾನ ಓದುವ ಜಗತ್ತಿನ ಬಹುಪಾಲು ವಿದ್ಯಾರ್ಥಿಗಳಿಗೆ ಕುಪ್ವಾರ್ ಎಂಬ ಹೆಸರು ಗೊತ್ತು. ಸಾಂಗ್ಲಿ ಜಿಲ್ಲೆಯ, ನಮ್ಮ ಗಡಿಗೆ ಹತ್ತಿರದ ಊರು. ಕನ್ನಡ ಆಡುವ ಜೈನರು ಮತ್ತು ಲಿಂಗಾಯತರು, ಉರ್ದು ಆಡುವ ಮುಸ್ಲಿಮರು, ಮರಾಠಿ ಆಡುವವರು ಅಲ್ಲಿ ತಲೆಮಾರುಗಳಿಂದ ಕೂಡಿ ಬಾಳಿದವರು. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಈ ಊರಿನ ಬಗ್ಗೆ ಬರೆದರು. ಮನೆಯೊಳಗೆ ಪ್ರತಿಯೊಬ್ಬರೂ ತಮ್ಮ ಭಾಷೆಯ ಪದಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ವಾಕ್ಯದ ಎಲುಬುಗೂಡು ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ಸಾಗಿಸಬಹುದಿತ್ತು. ಅಲ್ಲಿನ ಮರಾಠಿ, ಉರ್ದುಗಳ ಲಿಂಗ ವ್ಯವಸ್ಥೆ ಕನ್ನಡದ ದಾರಿ ಹಿಡಿದಿತ್ತು. ಕನ್ನಡವೂ ಸುಮ್ಮನೆ ಕೂತಿರಲಿಲ್ಲ. ‘ಇದು ನಿಮ್ಮ ಮನೆ’ ಎಂದರೆ ನಮಗೆ ಸಾಕು. ಅಲ್ಲಿ ಮರಾಠಿಯ ‘ಆಹೆ’, ಉರ್ದುವಿನ ‘ಹೈ’ ಇದ್ದಂತೆ ಕೊನೆಗೊಂದು ‘ಐತಿ’ ಬೇಕು.

ಅಷ್ಟು ದೂರ ಯಾಕೆ? ನಾನಿರುವುದು ಬನಶಂಕರಿಯಲ್ಲಿ. ಜಯನಗರದ ಮಗ್ಗುಲಿನ ತಿಲಕನಗರ, ಬಿಟಿಎಂ ಕಡೆಯ ಗುರಪ್ಪನಪಾಳ್ಯಗಳಲ್ಲಿ ದಖನಿ ಕೇಳಿ. ‘ಬರ್ತೀನಿ ಅಂತ ಹೇಳ್ದ’ ಎನ್ನುವುದಕ್ಕೆ ‘ಆತೌಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ನಮ್ಮ ‘ಅಂತ’ ಕೂರುವ ಜಾಗದಲ್ಲೇ ‘ಬೋಲ್ಕೆ’ ಕೂತಿದೆ. ಲಖನೌ ಉರ್ದುವಿನಲ್ಲಿ ‘ಹೇಳಿದ’ ಎಂಬುದು ಮೊದಲು ಬಂದು, ನಡುವೆ ‘ಕಿ’ ಸೇರಿ, ಆಮೇಲೆ ಉಳಿದ ಮಾತು ಬರುತ್ತದೆ. ‘ನಿನ್ನೆ ಬಂದ ಮನುಷ್ಯ’ ದಖನಿಯಲ್ಲಿ ‘ಕಲ್ ಆಯಾ ಸೋ ಆದ್ಮಿ’. ಪದಗಳು ಉತ್ತರದವು, ನಡಿಗೆ ಕನ್ನಡ-ತೆಲುಗು ಸೀಮೆಯದು.

ಈ ಜನರಿಗೆ ನಾವು ಕೊಟ್ಟ ಮರ್ಯಾದೆ ಏನು? ಅತ್ತ ಕಡೆಯವರು ಇದು ಕೆಟ್ಟ ಉರ್ದು ಎಂದರು. ಇತ್ತ ಕಡೆಯವರು ಇವರು ಹೊರಗಿನವರು ಎಂದರು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಇದೇ ನಗರದಲ್ಲಿ ಗಲಭೆಯಾಗಿ ಜೀವಗಳು ಹೋದವು. ನಾನು ಹುಟ್ಟುವ ಮುಂಚಿನ ಘಟನೆ ಅದು. ಆದರೆ ಭಾಷೆಗಳನ್ನು ವಂಶವೃಕ್ಷದಿಂದ ಮಾತ್ರ ಅಳೆಯುವ ಬುದ್ಧಿ ನನ್ನ ಓರಗೆಯವರಲ್ಲೂ ಹಾಗೇ ಇದೆ. ಆ ಲೆಕ್ಕದಲ್ಲಿ ದಖನಿ ಕನ್ನಡಕ್ಕೆ ಏನೂ ಅಲ್ಲ. ಬೀದಿಯ ಲೆಕ್ಕದಲ್ಲಿ ಅದು ನಮ್ಮೊಂದಿಗೆ ಶತಮಾನಗಳ ಕಾಲ ಸಂಸಾರ ಮಾಡಿದ ಭಾಷೆ.

‘ಬೆಂಗಳೂರಿನಲ್ಲಿ ಕನ್ನಡವೇ ಸೊರಗುತ್ತಿರುವಾಗ ನಿಮಗೆ ದಖನಿಯ ಚಿಂತೆಯೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿರುವ ಆತಂಕ ನಿಜವಾದದ್ದು, ಅದನ್ನು ನಾನು ಹಗುರ ಮಾಡಲಾರೆ. ಕನ್ನಡಕ್ಕೆ ಶಾಲೆ ಬೇಕು, ಬ್ಯಾಂಕಿನ ಅರ್ಜಿಯಲ್ಲಿ ಜಾಗ ಬೇಕು, ಕೆಲಸ ಬೇಕು. ಅಜ್ಜಿಯ ವಯಸ್ಸು ಹೇಳಿದರೆ ಇದರಲ್ಲಿ ಒಂದೂ ಸಿಗುವುದಿಲ್ಲ. ಇನ್ನು ಹೆಮ್ಮೆಯೇ ಬೇಕೆಂದರೆ, ಕನ್ನಡ ಮನೆಮಾತಲ್ಲದವರ ವಾಕ್ಯದೊಳಗೂ ಕನ್ನಡದ ಜಾಡು ಮೂಡಿದೆ ಎನ್ನುವುದಕ್ಕಿಂತ ದೊಡ್ಡ ಹೆಮ್ಮೆ ಯಾವುದು? ಹಳೆಯದು ಎನ್ನುವ ಭಾಷೆ ವಸ್ತುಸಂಗ್ರಹಾಲಯಕ್ಕೂ ಹೋಗಬಹುದು. ಪಕ್ಕದ ಮನೆಯವರ ವ್ಯಾಕರಣದಲ್ಲಿ ಬೇರು ಬಿಟ್ಟ ಭಾಷೆಯನ್ನು ಕಿತ್ತುಹಾಕುವುದು ಸುಲಭವಲ್ಲ.

ಕನ್ನಡ ಎಂ.ಎ. ತರಗತಿಗಳಲ್ಲಿ ಕನ್ನಡ-ಸಂಸ್ಕೃತ, ಕನ್ನಡ-ತಮಿಳು ಎಂದು ಹೋಲಿಸುವಷ್ಟೇ ಗಂಭೀರವಾಗಿ ಕನ್ನಡ-ದಖನಿ, ಕನ್ನಡ-ಮರಾಠಿ ಹೋಲಿಕೆಯೂ ನಡೆಯಲಿ. ಮುಂದಿನ ಸಲ ಯಾರಾದರೂ ವೇದಿಕೆಯ ಮೇಲಿಂದ ಕನ್ನಡದ ತಾಯಿ ಯಾರೆಂದು ಘೋಷಿಸಿದರೆ ‘ಕಿವಿ, ಸೆವಿ’ ಎಂದು ಎರಡು ಪದ ಹೇಳಿ ಮುಗಿಸೋಣ. ಉಳಿದ ಹೊತ್ತಿನಲ್ಲಿ ತಿಲಕನಗರದ ಕಡೆ ಹೋಗಿ, ಅಲ್ಲಿನವರು ಹೇಗೆ ಮಾತಾಡುತ್ತಾರೆ ಎಂದು ಕೇಳಿಸಿಕೊಳ್ಳೋಣ. ಸಂಶೋಧನೆಗೆ ಬೇಕಾದ ಕೆಲಸ ಅಲ್ಲಿ ಧಾರಾಳವಾಗಿ ಬಿದ್ದಿದೆ.