ಯೂರಿಯಾ ಸುರಿಯುವ ಮುನ್ನ
ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಮೊಣಕಾಲೆತ್ತರ ಬರುವ ಮೊದಲೇ ಹಳದಿಗೆ ತಿರುಗಿದರೆ ಕೈ ನೇರ ಯೂರಿಯಾ ಚೀಲಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಬಗ್ಗಿ ಗಿಡ ನೋಡಿ. ಕೆಳಗಿನ ಹಳೆಯ ಎಲೆ ತುದಿಯಿಂದ ನಡುನರದುದ್ದಕ್ಕೂ ಹಳದಿಯಾಗಿದ್ದರೆ ಸಾರಜನಕದ ಕೊರತೆ. ಸುಳಿಯ ಎಳೆಯ ಎಲೆಗಳು ಬಿಳಿಚಿ, ನರಗಳ ನಡುವೆ ಗೆರೆ ಮೂಡಿದ್ದರೆ ಗಂಧಕದ ಕೊರತೆ ಇರಬಹುದು. ಗಂಧಕ ಸಾಲದಿದ್ದರೆ ಬೆಳೆ ಸಾರಜನಕವನ್ನು ಪ್ರೋಟೀನ್ ಮಾಡಿಕೊಳ್ಳಲಾರದು. ಯೂರಿಯಾಕ್ಕೆ ಸುರಿದ ದುಡ್ಡು ನೀರುಪಾಲು. ಡಿಎಪಿಯಲ್ಲಿ ಗಂಧಕವಿಲ್ಲ, 20:20:0:13 ಗೊಬ್ಬರದಲ್ಲಿ ಶೇ 13ರಷ್ಟಿದೆ. ಮಣ್ಣು ಪರೀಕ್ಷೆ ಮಾಡಿಸಿ, ಗಂಧಕ ಕಡಿಮೆಯಿದ್ದರೆ ಬಿತ್ತನೆಯ ಜೊತೆಗೇ ಕೊಡಿ. ಗೊಬ್ಬರ ಬೀಜಕ್ಕೆ ತಾಗಿದರೆ ಮೊಳಕೆ ಸುಡುತ್ತದೆ; ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಬೀಳಲಿ. ಚೀಲದ ಮೇಲಿನ ನಾಲ್ಕನೆಯ ಅಂಕಿಯನ್ನೂ ಓದಿ ಗೊಬ್ಬರ ಕೊಳ್ಳುವ ಅಭ್ಯಾಸ ನಮ್ಮ ರೈತರಿಗೆ ಬರಲೇಬೇಕು.