ಅಟ್ಟದ ಪೆಟ್ಟಿಗೆಗೆ ಹೊಸ ಬಾಗಿಲು
ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳಿಂದ ಹೆಸರಾದ ಬಿಟಿಎಂ ಲೇಔಟಿನ ಕೆಲವು ಮನೆಗಳಲ್ಲಿ, ಮಗ ಕಾಲೇಜು ಮುಗಿಸಿದಂದಿನಿಂದ ಅಟ್ಟ ಸೇರಿದ ಟ್ರಾನ್ಸಿಸ್ಟರ್ ಗಿಟಾರ್ ಆಂಪ್ಲಿಫೈಯರುಗಳಿರಬಹುದು. ಅದರಲ್ಲಿ ಮೊಬೈಲಿನ ಸಂಗೀತ ಕೇಳಬೇಕೆಂಬ ಆಸೆ ಸಹಜವಾದುದೇ. ಆದರೆ ಗಿಟಾರಿನ ಜಾಕಿಗೇ ಅದನ್ನು ಜೋಡಿಸಿದರೆ ಧ್ವನಿ ಕರ್ಕಶವಾದೀತು. ಗಿಟಾರಿನ ಪಿಕಪ್ಪಿನದು ಬಹುಮಟ್ಟಿಗೆ ಮಿಲಿವೋಲ್ಟುಗಳ ಲೆಕ್ಕ. ಮೊಬೈಲು 1 ವೋಲ್ಟಿನ ಸಮೀಪಕ್ಕೂ ಏರಬಲ್ಲುದು. ಹಸುಗೂಸಿಗೆ ಹಬ್ಬದೂಟ ಬಡಿಸಿದಂತೆ!

ಆದುದರಿಂದ ಮೊದಲ ವರ್ಧನ ಘಟ್ಟವನ್ನು ಬಿಟ್ಟು, ಪವರ್ ಘಟ್ಟದ ಮುಂಬಾಗಿಲಲ್ಲಿ ಹೊಸ ಜಾಕ್ ಕೂಡಿಸುವುದು ಕ್ರಮ. ಎಡಬಲ ತಂತಿಗಳನ್ನು ನೇರವಾಗಿ ಗಂಟುಹಾಕಲಾಗದು. ಒಂದೊಂದಕ್ಕೂ 1 ಕಿಲೋ ಓಮಿನ ರೆಸಿಸ್ಟರ್ ಇಟ್ಟು ಕೂಡಿಸಬೇಕು. ಮುಂದೆ ಏಕಮುಖ ವಿದ್ಯುತ್ತನ್ನು ತಡೆಯಲು ಒಂದು ಕೆಪಾಸಿಟರ್. ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಅಗ್ಗವಾಗಿ ದೊರೆಯುತ್ತವೆ.

ಅಗ್ಗವಲ್ಲದುದು ಪ್ರಾಣ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಅರ್ಥಿಂಗ್ ಇಲ್ಲದ ಹಳೆಯ ಪೆಟ್ಟಿಗೆಯಲ್ಲಿ 230 ವೋಲ್ಟು ಲೋಹದ ಮೈಗೆ ಸೋರಿದರೆ, ಹೊಸ ಜಾಕಿನ ಮೂಲಕ ಅದು ಮೊಬೈಲು ಹಿಡಿದ ಕೈಗೇ ತಲಪೀತು. ಬಲ್ಲ ರಿಪೇರಿಯವರಿಂದ ಇದನ್ನು ಪರೀಕ್ಷಿಸಿಕೊಳ್ಳದೆ ಪೆಟ್ಟಿಗೆಯ ಸ್ಕ್ರೂ ಬಿಚ್ಚತಕ್ಕದ್ದಲ್ಲ.

ಇಷ್ಟಾದರೂ ಗಿಟಾರಿಗೆಂದೇ ಮಾಡಿದ ಸ್ಪೀಕರಿನಲ್ಲಿ ತೀರ ಮೇಲಿನ ನಾದಗಳು ಮಂಕು. ಹಾಡುಗಾರಿಕೆಗೆ ಸಾಲುವುದು, ತಂಬೂರಿಯ ಝೇಂಕಾರ ಮಾತ್ರ ಸ್ವಲ್ಪ ಬಡವಾದೀತು.